ಸೋರುವ ನಲ್ಲಿ: ಬ್ಯಾಕ್ಟೀರಿಯಾ ಜೀನ್‌ಗಳ ಆನ್-ಆಫ್ ಬಗ್ಗೆ ನಿಮ್ಮ ಪ್ರಶ್ನೆ, ನನ್ನ ಉತ್ತರ

ಪ್ರಶ್ನೆ (ಬಿ.ಎಸ್ಸಿ. ವಿದ್ಯಾರ್ಥಿನಿ): ಮೇಡಂ, ನಮಸ್ತೆ. ಲ್ಯಾಕ್ ಆಪರಾನ್ (ಹಾಲಿನ ಸಕ್ಕರೆ ಲ್ಯಾಕ್ಟೋಸನ್ನು ಬಳಸಲು ಬೇಕಾದ, ಒಟ್ಟಿಗೆ ಆನ್-ಆಫ್ ಆಗುವ ಜೀನ್‌ಗಳ ಗುಂಪು) ಪಾಠ ಮುಗಿಯಿತು, ಆದರೆ ಒಂದು ಕಡೆ ತಲೆ ಕೆಟ್ಟಿದೆ. ಲ್ಯಾಕ್ಟೋಸ್ ಇಲ್ಲದಾಗ ರೆಪ್ರೆಸರ್ ಅನ್ನುವ ತಡೆ ಪ್ರೋಟೀನ್ ಡಿಎನ್‌ಎ ಮೇಲೆ ಕೂತಿರುತ್ತದೆ, ಜೀನ್‌ಗಳು ಆಫ್. ಲ್ಯಾಕ್ಟೋಸ್ ಬಂದರೆ ರೆಪ್ರೆಸರ್ ಎದ್ದು ಹೋಗುತ್ತದೆ, ಜೀನ್‌ಗಳು ಆನ್. ಇಷ್ಟು ಅರ್ಥವಾಯಿತು. ಆದರೆ ಲ್ಯಾಕ್ಟೋಸ್ ಒಳಗೆ ಬರಬೇಕಾದರೆ ಪರ್ಮಿಯೇಸ್ ಅನ್ನುವ ಬಾಗಿಲು ಬೇಕು. ಆ ಬಾಗಿಲು ಮಾಡುವ ಜೀನ್ ಇರುವುದೂ ಅದೇ ಆಪರಾನ್‌ನಲ್ಲಿ! ಆಫ್ ಇದ್ದರೆ ಬಾಗಿಲೇ ಇಲ್ಲ. ಹಾಗಾದರೆ ಮೊದಲನೇ ಲ್ಯಾಕ್ಟೋಸ್ ಒಳಗೆ ಬಂದದ್ದು ಹೇಗೆ? ಕ್ಲಾಸ್‌ನಲ್ಲಿ ಕೇಳಿದೆ, "ಅದು ಸಿಲಬಸ್‌ನಲ್ಲಿಲ್ಲ" ಅಂದರು.

ಉತ್ತರ: ಸಿಲಬಸ್‌ನಲ್ಲಿ ಇಲ್ಲದಿದ್ದರೂ ಕೋಶದಲ್ಲಿ ಇದೆಯಲ್ಲ! ಹದಿನೈದು ವರ್ಷದಿಂದ ಇ. ಕೋಲೈ ಬ್ಯಾಕ್ಟೀರಿಯಾ ಜೊತೆ ಏಗುತ್ತಿದ್ದೇನೆ. ಈ ಪಾಠದಲ್ಲಿ ಕೇಳಲೇಬೇಕಾದ ಪ್ರಶ್ನೆ ಒಂದಿದ್ದರೆ ಅದು ಇದೇ.

ಪುಸ್ತಕದ ಚಿತ್ರ ನೋಡಿದರೆ ಆಪರಾನ್ ಅಂದರೆ ಲೈಟ್ ಸ್ವಿಚ್ ಅನ್ನಿಸುತ್ತದೆ. ಒತ್ತಿದರೆ ಬೆಳಕು, ಇಲ್ಲದಿದ್ದರೆ ಕತ್ತಲೆ. ನಿಜದಲ್ಲಿ ಅದು ಹಳೇ ನಲ್ಲಿ. ಎಷ್ಟೇ ಬಿಗಿಯಾಗಿ ತಿರುಗಿಸಿ, ತೊಟ ತೊಟ ಅಂತ ಸೋರುತ್ತಲೇ ಇರುತ್ತದೆ.

ಯಾಕೆ ಅಂತ ನೋಡೋಣ. ಒಂದು ಇ. ಕೋಲೈ ಕೋಶದಲ್ಲಿ ಲ್ಯಾಕ್ ರೆಪ್ರೆಸರ್ ಇರುವುದು ಸುಮಾರು ಹತ್ತೇ ಹತ್ತು. ಒಂದೊಂದೂ ನಾಲ್ಕು ತುಂಡು ಸೇರಿ ಆದದ್ದು. ಅದು ಡಿಎನ್‌ಎಗೆ ಅಂಟಿಕೊಂಡಿರುತ್ತದೆ ನಿಜ, ಆದರೆ ಮೊಳೆ ಹೊಡೆದು ಕೂರಿಸಿದ ಹಾಗೆ ಅಲ್ಲ. ಕೋಶದೊಳಗೆ ಎಲ್ಲವೂ ಸದಾ ಅದುರುತ್ತಿರುತ್ತದೆ, ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿರುತ್ತದೆ. ಆ ನೂಕುನುಗ್ಗಲಲ್ಲಿ ರೆಪ್ರೆಸರ್ ಆಗೊಮ್ಮೆ ಈಗೊಮ್ಮೆ ಕಳಚಿಕೊಳ್ಳುತ್ತದೆ. ಮತ್ತೆ ಬಂದು ಕೂರುವಷ್ಟರಲ್ಲಿ ಜೀನ್ ಓದುವ ಯಂತ್ರವಾದ ಆರ್‌ಎನ್‌ಎ ಪಾಲಿಮರೇಸ್ ನುಸುಳಿಬಿಟ್ಟರೆ ಒಂದು ಎಂಆರ್‌ಎನ್‌ಎ, ಅಂದರೆ ಪ್ರೋಟೀನ್ ಮಾಡಲು ಬೇಕಾದ ಜೀನ್‌ನ ನಕಲು, ತಯಾರು. ಆ ಎಂಆರ್‌ಎನ್‌ಎ ಕೆಲವೇ ನಿಮಿಷ ಬದುಕುತ್ತದೆ. ಆದರೆ ಅಷ್ಟರಲ್ಲಿ ಲ್ಯಾಕ್ಟೋಸ್ ಮುರಿಯುವ ಕಿಣ್ವ ಬೀಟಾ-ಗ್ಯಾಲಕ್ಟೋಸಿಡೇಸ್ ಒಂದಿಷ್ಟು, ಪರ್ಮಿಯೇಸ್ ಒಂದಿಷ್ಟು ಹುಟ್ಟಿರುತ್ತವೆ. ಎಂಆರ್‌ಎನ್‌ಎ ಹೋದರೂ ಈ ಪ್ರೋಟೀನ್‌ಗಳು ಉಳಿಯುತ್ತವೆ. ಕೋಶ ಎರಡಾದಾಗ ಇಬ್ಬರು ಮಕ್ಕಳಿಗೂ ಪಾಲು ಸಿಗಬಹುದು.

ಅಂದರೆ ಲ್ಯಾಕ್ಟೋಸ್ ಕಂಡೇ ಇರದ ಕೋಶಗಳಲ್ಲೂ ಒಂದೋ ಎರಡೋ ಬಾಗಿಲು ಮೊದಲೇ ಇರುತ್ತದೆ. ನಿಮ್ಮ ಮೊದಲನೇ ಲ್ಯಾಕ್ಟೋಸ್ ಬರುವುದು ಅದರಿಂದ.

ಇನ್ನೂ ಒಂದು ವಿಷಯ ಇದೆ. ರೆಪ್ರೆಸರ್‌ಗೆ ಅಂಟಿಕೊಂಡು ಅದನ್ನು ಎಬ್ಬಿಸುವುದು ಲ್ಯಾಕ್ಟೋಸ್ ಅಲ್ಲ, ಅಲೋಲ್ಯಾಕ್ಟೋಸ್. ಬೀಟಾ-ಗ್ಯಾಲಕ್ಟೋಸಿಡೇಸ್ ಲ್ಯಾಕ್ಟೋಸನ್ನು ಮುರಿಯುತ್ತಲೇ ಸ್ವಲ್ಪ ಭಾಗವನ್ನು ಅಲೋಲ್ಯಾಕ್ಟೋಸ್ ಮಾಡುತ್ತದೆ. ಅಂದರೆ ಬಾಗಿಲು ಮಾತ್ರ ಅಲ್ಲ, ಕಿಣ್ವವೂ ಮೊದಲೇ ಸ್ವಲ್ಪ ಸೋರಿರಬೇಕು. ಇದಕ್ಕೆ ಒಳ್ಳೆಯ ಸಾಕ್ಷಿ ಇದೆ. ಬೀಟಾ-ಗ್ಯಾಲಕ್ಟೋಸಿಡೇಸ್ ಜೀನ್ ಕೆಟ್ಟಿರುವ ತಳಿಗೆ ಎಷ್ಟೇ ಲ್ಯಾಕ್ಟೋಸ್ ಸುರಿದರೂ ಆಪರಾನ್ ಆನ್ ಆಗುವುದಿಲ್ಲ. ಅದೇ ತಳಿಗೆ ಅಲೋಲ್ಯಾಕ್ಟೋಸ್ ಹೋಲುವ ಐಪಿಟಿಜಿ ಅನ್ನುವ ರಾಸಾಯನಿಕ ಹಾಕಿ, ಆನ್ ಆಗುತ್ತದೆ. ಯಾಕೆಂದರೆ ಐಪಿಟಿಜಿ ನೇರವಾಗಿ ರೆಪ್ರೆಸರ್‌ಗೆ ಅಂಟುತ್ತದೆ, ಅದನ್ನು ಯಾರೂ ಬದಲಾಯಿಸಿಕೊಡಬೇಕಾಗಿಲ್ಲ.

ಪೂರ್ತಿ ಆನ್ ಆದಾಗ ಕಿಣ್ವ ಈ ಸೋರಿಕೆಯ ಸುಮಾರು ಸಾವಿರ ಪಟ್ಟು ಆಗುತ್ತದೆ. ಸಾವಿರಕ್ಕೆ ಹೋಲಿಸಿದರೆ ಒಂದು ಏನೂ ಅಲ್ಲ, ಹಾಗಾಗಿ ಚಿತ್ರ ಬರೆಯುವವರು ಅದನ್ನು ಸೊನ್ನೆ ಮಾಡಿಬಿಡುತ್ತಾರೆ. ನೀವು ಎಡವಿದ್ದು ಆ ಸೊನ್ನೆಯ ಮೇಲೆ.

ಪ್ರಶ್ನೆ (ಸಾಫ್ಟ್‌ವೇರ್ ಕೆಲಸದವರು): ನನಗೆ ಬಯಾಲಜಿ ಹತ್ತನೇ ಕ್ಲಾಸಿಗೇ ಮುಗಿಯಿತು. ಇದನ್ನು ಓದಿದರೆ ಇಫ್-ಎಲ್ಸ್ ಕೋಡ್ ಥರ ಕಾಣುತ್ತಿದೆ. ಲ್ಯಾಕ್ಟೋಸ್ ಇದ್ದರೆ ಹೀಗೆ, ಇಲ್ಲದಿದ್ದರೆ ಹಾಗೆ. ಆದರೆ ಆ ಕೋಡ್ ರನ್ ಮಾಡುವವರು ಯಾರು? ಮೆದುಳಿಲ್ಲ, ನರ ಇಲ್ಲ. ಎರಡು ಥರದ ಸಕ್ಕರೆ ಒಟ್ಟಿಗೆ ಸಿಕ್ಕರೆ ಯಾವುದು ಮೊದಲು ಅಂತ ಯಾರು ತೀರ್ಮಾನ ಮಾಡುತ್ತಾರೆ?

ಉತ್ತರ: ಯಾರೂ ಇಲ್ಲ. ತೀರ್ಮಾನ ಅನ್ನುವುದು ನಾವು ಹೊರಗಿನಿಂದ ನೋಡಿ ಇಟ್ಟ ಹೆಸರು. ಒಳಗೆ ಇರುವುದು ಆಕಾರಗಳು ಮತ್ತು ಡಿಕ್ಕಿಗಳು. ಅಲೋಲ್ಯಾಕ್ಟೋಸ್ ಅಂಟಿದರೆ ರೆಪ್ರೆಸರ್‌ನ ಆಕಾರ ಸ್ವಲ್ಪ ಬದಲಾಗುತ್ತದೆ. ಬದಲಾದ ಆಕಾರಕ್ಕೆ ಡಿಎನ್‌ಎ ಮೇಲೆ ಹಿಡಿತ ಸಿಗುವುದಿಲ್ಲ. ಅಷ್ಟೇ ಕಥೆ.

ಎರಡು ಸಕ್ಕರೆಯ ವಿಷಯ ಮಾತ್ರ ಮಜವಾಗಿದೆ. ಈ ಇಡೀ ವಿಜ್ಞಾನ ಶುರುವಾದದ್ದೇ ಅಲ್ಲಿಂದ. ಪ್ಯಾರಿಸ್‌ನಲ್ಲಿ ಜಾಕ್ ಮೊನೋ ಅನ್ನುವವರು 1941ರ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಇದನ್ನೇ ತೋರಿಸಿದ್ದರು. ಆ ಪ್ರಯೋಗವನ್ನು ನಮ್ಮ ಲ್ಯಾಬ್‌ಗೆ ಬರುವ ಹುಡುಗರಿಂದ ಈಗಲೂ ಮಾಡಿಸುತ್ತೇನೆ. ಫ್ಲಾಸ್ಕ್‌ನಲ್ಲಿ ಸ್ವಲ್ಪ ಗ್ಲೂಕೋಸ್, ಜಾಸ್ತಿ ಲ್ಯಾಕ್ಟೋಸ್. 37 ಡಿಗ್ರಿ ಶೇಕರ್‌ನಲ್ಲಿ ಇಡುವುದು. ಹತ್ತು ನಿಮಿಷಕ್ಕೊಮ್ಮೆ ಒಂದು ಎಂಎಲ್ ತೆಗೆದು ಎಷ್ಟು ಮಬ್ಬಾಗಿದೆ ಅಂತ ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ ನೋಡುವುದು. ಅಂಕಿ ಏರುತ್ತಾ ಹೋಗುತ್ತದೆ, ಏರುತ್ತಾ ಹೋಗುತ್ತದೆ, ಇದ್ದಕ್ಕಿದ್ದ ಹಾಗೆ ನಿಂತುಬಿಡುತ್ತದೆ. ಮುಂದಿನ ಸಲವೂ ಅದೇ ಅಂಕಿ. ಅದರ ಮುಂದಿನ ಸಲವೂ ಅದೇ. ಹುಡುಗರು ಮೆಷಿನ್ ಕೆಟ್ಟಿದೆ ಅಂದುಕೊಂಡು ಕ್ಯೂವೆಟ್ ಒರೆಸಲು ಶುರು ಮಾಡುತ್ತಾರೆ. ನಾನು ಸುಮ್ನೆ ನೋಡುತ್ತಾ ನಿಂತಿರುತ್ತೇನೆ. ಸ್ವಲ್ಪ ಹೊತ್ತಿಗೆ ಅಂಕಿ ಮತ್ತೆ ಏರತೊಡಗುತ್ತದೆ.

ಮೊದಲ ಏರಿಕೆ ಗ್ಲೂಕೋಸ್‌ದು. ಎರಡನೆಯದು ಲ್ಯಾಕ್ಟೋಸ್‌ದು. ನಡುವಿನ ವಿರಾಮ ಲ್ಯಾಕ್ ಕಿಣ್ವಗಳನ್ನು ಮಾಡಿಕೊಳ್ಳಲು ಹಿಡಿದ ಸಮಯ.

ಮೊನೋ ಇದನ್ನು ಹಿರಿಯ ವಿಜ್ಞಾನಿ ಆಂದ್ರೆ ಲ್ವೋಫ್ ಅವರಿಗೆ ತೋರಿಸಿದಾಗ ಅವರು, "ಇದು ಕಿಣ್ವಗಳ ಹೊಂದಾಣಿಕೆ ಇರಬಹುದು" ಅಂದರಂತೆ. ಮೊನೋ ಆ ಮಾತನ್ನೇ ಕೇಳಿರಲಿಲ್ಲವಂತೆ! ಮುಂದೆ 1961ರಲ್ಲಿ ಫ್ರಾಂಸ್ವಾ ಜಾಕೋಬ್ ಜೊತೆ ಸೇರಿ ರೆಪ್ರೆಸರ್, ಆಪರೇಟರ್ (ರೆಪ್ರೆಸರ್ ಕೂರುವ ಡಿಎನ್‌ಎ ಜಾಗ), ಆಪರಾನ್ ಎಲ್ಲವನ್ನೂ ಒಟ್ಟಿಗೆ ಹೆಣೆದು ಪ್ರಬಂಧ ಬರೆದರು. 1965ರಲ್ಲಿ ಮೂವರಿಗೂ ನೊಬೆಲ್ ಬಂತು. ಆಗ ಲ್ಯಾಕ್ ರೆಪ್ರೆಸರನ್ನು ಯಾರೂ ಬೇರ್ಪಡಿಸಿ ಕೈಯಲ್ಲಿ ಹಿಡಿದಿರಲಿಲ್ಲ. ಅದನ್ನು ಕೋಶದಿಂದ ಹೊರತೆಗೆದು ತೋರಿಸಿದ್ದು ವಾಲ್ಟರ್ ಗಿಲ್ಬರ್ಟ್ ಮತ್ತು ಬೆನ್ನೊ ಮ್ಯೂಲರ್-ಹಿಲ್, 1966ರಲ್ಲಿ. ತರ್ಕದಲ್ಲಿ ಕಂಡದ್ದು ಟ್ಯೂಬ್‌ನಲ್ಲಿ ಸಿಗಲು ಐದು ವರ್ಷ ಬೇಕಾಯಿತು.

ಈಗ, ಗ್ಲೂಕೋಸ್ ಇದ್ದಾಗ ಲ್ಯಾಕ್ಟೋಸ್ ಯಾಕೆ ಕಾಯಬೇಕು? ಪುಸ್ತಕದ ಉತ್ತರ ಹೀಗಿದೆ. ಗ್ಲೂಕೋಸ್ ಕಡಿಮೆಯಾದರೆ ಸೈಕ್ಲಿಕ್ ಎಎಂಪಿ ಅನ್ನುವ ಸಂಕೇತದ ಅಣು ಏರುತ್ತದೆ, ಅದು ಸಿಆರ್‌ಪಿ ಅನ್ನುವ ಪ್ರೋಟೀನ್ ಜೊತೆ ಸೇರಿ ಡಿಎನ್‌ಎ ಮೇಲೆ ಕೂತು ಪಾಲಿಮರೇಸನ್ನು ಕರೆದು ಕೂರಿಸುತ್ತದೆ. ತಪ್ಪೇನಿಲ್ಲ. ಆದರೆ ಅದು ಅರ್ಧ ಕಥೆ, ನನ್ನ ಪ್ರಕಾರ ಚಿಕ್ಕ ಅರ್ಧ. ದೊಡ್ಡ ಅರ್ಧ ಬಾಗಿಲಲ್ಲೇ ಇದೆ. ಗ್ಲೂಕೋಸನ್ನು ಒಳಗೆ ಎಳೆದುಕೊಳ್ಳುವ ಯಂತ್ರದ ಒಂದು ಬಿಡಿಭಾಗ, ಗ್ಲೂಕೋಸ್ ಬರುತ್ತಿರುವಷ್ಟು ಹೊತ್ತೂ ಲ್ಯಾಕ್ಟೋಸ್ ಪರ್ಮಿಯೇಸ್‌ಗೆ ಅಂಟಿಕೊಂಡು ಅದನ್ನು ಬಂದ್ ಮಾಡಿರುತ್ತದೆ. ಮೇಲೆ ಹೇಳಿದೆನಲ್ಲ, ಸೋರಿಕೆಯಿಂದ ಬಂದ ಒಂದೆರಡು ಬಾಗಿಲು ಅಂತ? ಅದಕ್ಕೂ ಚಿಲಕ. ಒಳಗೆ ಲ್ಯಾಕ್ಟೋಸೇ ಇಲ್ಲ, ಅಲೋಲ್ಯಾಕ್ಟೋಸ್ ಎಲ್ಲಿಂದ ಬರಬೇಕು?

ಇಷ್ಟೆಲ್ಲ ಬಿಗಿ ಯಾಕೆ ಅಂದರೆ ಖರ್ಚು. ಬೀಟಾ-ಗ್ಯಾಲಕ್ಟೋಸಿಡೇಸ್‌ನ ಒಂದು ತುಂಡಿಗೇ ಸಾವಿರಕ್ಕೂ ಜಾಸ್ತಿ ಅಮೈನೋ ಆಮ್ಲ ಬೇಕು. ಅಂಥ ನಾಲ್ಕು ಸೇರಿದರೆ ಒಂದು ಕಿಣ್ವ. ಬೇಡದಿದ್ದಾಗಲೂ ಅದನ್ನು ಮಾಡುತ್ತಾ ಕೂತರೆ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದ ಹಾಗೆ. ಇಪ್ಪತ್ತು ನಿಮಿಷಕ್ಕೆ ಎರಡಾಗುವ ಪಕ್ಕದ ಕೋಶ ಇವನನ್ನು ಹಿಂದೆ ಹಾಕಿ ಹೋಗಿರುತ್ತದೆ.

ಪ್ರಶ್ನೆ (ಎಂ.ಎಸ್ಸಿ. ಪ್ರಾಜೆಕ್ಟ್ ವಿದ್ಯಾರ್ಥಿ): ಮೇಡಂ, ಸೋರಿಕೆ ಅಂದಿದ್ದಕ್ಕೆ ಕೇಳುತ್ತಿದ್ದೇನೆ. ಬೇಕಾದ ಪ್ರೋಟೀನ್ ಮಾಡಿಸಲು ಬಳಸುವ ಇ. ಕೋಲೈನ ಬಿಎಲ್21 (ಡಿಇ3) ತಳಿಗೆ, ನನ್ನ ಜೀನ್ ಇರುವ ಪಿಇಟಿ ಪ್ಲಾಸ್ಮಿಡ್ (ಡಿಎನ್‌ಎ ಉಂಗುರ) ಹಾಕಿದ್ದೇನೆ. ಐಪಿಟಿಜಿ ಹಾಕದ ಕಂಟ್ರೋಲ್‌ನಲ್ಲೂ, ಪ್ರೋಟೀನ್‌ಗಳನ್ನು ಬೇರ್ಪಡಿಸಿ ತೋರಿಸುವ ಜೆಲ್ ಮೇಲೆ ನನ್ನ ಪ್ರೋಟೀನ್ ಬ್ಯಾಂಡ್ ದಪ್ಪಗೆ ಬಂದಿದೆ. ಗೈಡ್ "ಟ್ಯೂಬ್ ಅದಲು ಬದಲು ಮಾಡಿದ್ದೀಯ" ಅಂತಾರೆ. ನಾನು ಮಾಡಿಲ್ಲ!

ಉತ್ತರ: ಮಾಡಿಲ್ಲ ಅಂತ ನಾನು ನಂಬುತ್ತೇನೆ. ರಾತ್ರಿಯಿಡೀ ಬೆಳೆಸಿದ ಕಲ್ಚರ್ ತಾನೇ? ಎಲ್‌ಬಿ ಮೀಡಿಯಂನಲ್ಲಿ, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ಮಾಮೂಲಿ ದ್ರವದಲ್ಲಿ?

ಎಲ್‌ಬಿಯಲ್ಲಿ ಇರುವ ಟ್ರಿಪ್ಟೋನ್ ಎಲ್ಲಿಂದ ಬರುತ್ತದೆ ಗೊತ್ತಾ? ಹಾಲಿನ ಕೇಸಿನ್‌ನಿಂದ. ಹಾಲಿನಿಂದ ಬಂದದ್ದು ಅಂದ ಮೇಲೆ ಕೆಲವು ಬ್ಯಾಚ್‌ಗಳಲ್ಲಿ ಚೂರುಪಾರು ಲ್ಯಾಕ್ಟೋಸ್ ಉಳಿದಿರಬಹುದು. ವಿಲಿಯಂ ಸ್ಟೂಡಿಯರ್ ಅವರು ಇದರ ಬೆನ್ನು ಹತ್ತಿ 2005ರಲ್ಲಿ ಪ್ರಕಟಿಸಿದರು. ಕೋಶಗಳು ಚೆನ್ನಾಗಿ ಬೆಳೆಯುತ್ತಿರುವಾಗ ಆ ಚೂರು ಲ್ಯಾಕ್ಟೋಸ್‌ನಿಂದ ಏನೂ ಆಗುವುದಿಲ್ಲ. ಕಲ್ಚರ್ ದಟ್ಟವಾಗುತ್ತಾ ಬಂದಾಗ, ಅಂದರೆ ನೀವು ಮನೆಯಲ್ಲಿ ಮಲಗಿರುವಾಗ, ತನ್ನಿಂದ ತಾನೇ ಆನ್ ಆಗುತ್ತದೆ. ಸ್ಟೂಡಿಯರ್ ಈ ಕಾಟವನ್ನೇ ಉಪಾಯ ಮಾಡಿಕೊಂಡರು. ಗ್ಲೂಕೋಸ್, ಲ್ಯಾಕ್ಟೋಸ್ ಲೆಕ್ಕ ಹಾಕಿ ಬೆರೆಸಿದರೆ ಐಪಿಟಿಜಿಯೇ ಬೇಡ. ಗ್ಲೂಕೋಸ್ ಮುಗಿದ ಕೂಡಲೇ ಕಲ್ಚರ್ ತಾನೇ ಆನ್ ಆಗುತ್ತದೆ. ಆಟೋ-ಇಂಡಕ್ಷನ್ ಮೀಡಿಯಂ ಅಂದರೆ ಅದೇ. ನೋಡಿ, ಮೊನೋ ಅವರ ಎರಡು ಮೆಟ್ಟಿಲ ಗ್ರಾಫ್ ಇಲ್ಲಿ ಕೆಲಸಕ್ಕೆ ಬಂತು.

ನಿಮ್ಮ ವ್ಯವಸ್ಥೆಯಲ್ಲಿ ಸೋರಿಕೆ ಇನ್ನೂ ಜೋರು. ಈ ತಳಿಯಲ್ಲಿ ಲ್ಯಾಕ್ ಪ್ರೊಮೋಟರ್ (ಪಾಲಿಮರೇಸ್ ಬಂದು ಕೂರುವ ಡಿಎನ್‌ಎ ಜಾಗ) ನೇರವಾಗಿ ನಿಮ್ಮ ಪ್ರೋಟೀನ್ ಮಾಡಿಸುವುದಿಲ್ಲ. ಅದು ಟಿ7 ಅನ್ನುವ ವೈರಸ್‌ನ ಪಾಲಿಮರೇಸನ್ನು ಮಾಡಿಸುತ್ತದೆ, ಆ ಪಾಲಿಮರೇಸ್ ನಿಮ್ಮ ಜೀನ್ ಓದುತ್ತದೆ. ಟಿ7 ಭಾರೀ ಚುರುಕು. ಒಂದು ಹನಿ ಸೋರಿದರೂ ಅದು ಬಕೆಟ್ ತುಂಬಿಸುತ್ತದೆ.

ನಾನೂ ಇದರಲ್ಲಿ ಕೈ ಸುಟ್ಟುಕೊಂಡಿದ್ದೇನೆ. ಹೊಸದರಲ್ಲಿ ಕೋಶಕ್ಕೇ ವಿಷವಾಗುವ ಒಂದು ಪ್ರೋಟೀನ್ ಮಾಡಿಸಬೇಕಿತ್ತು. ರಾತ್ರಿ ಕಲ್ಚರ್ ಹಾಕಿ ಹೋದೆ. ಬೆಳಿಗ್ಗೆ ಚೆನ್ನಾಗಿ ಬೆಳೆದಿತ್ತು, ಖುಷಿಯಾಯಿತು. ಹೊಸ ಮೀಡಿಯಂಗೆ ಹಾಕಿ, ಐಪಿಟಿಜಿ ಕೊಟ್ಟು, ಮೂರು ಗಂಟೆ ಕಾದು, ಜೆಲ್ ಓಡಿಸಿದರೆ ಬ್ಯಾಂಡೇ ಇಲ್ಲ. ಎರಡು ವಾರ ಐಪಿಟಿಜಿ ಬದಲಾಯಿಸಿದೆ, ಬಫರ್ ಬದಲಾಯಿಸಿದೆ, ಪಕ್ಕದ ಬೆಂಚಿನವರ ಮೇಲೆ ಅನುಮಾನ ಪಟ್ಟೆ. ಕೊನೆಗೆ ಬೆಳಗಿನ ಕಲ್ಚರನ್ನೇ ಎರಡು ಪ್ಲೇಟ್‌ಗೆ ಹರಡಿದೆ. ಒಂದರಲ್ಲಿ ಆಂಪಿಸಿಲಿನ್, ಒಂದರಲ್ಲಿ ಇಲ್ಲ. ಆಂಪಿಸಿಲಿನ್ ಇದ್ದರೆ ಪ್ಲಾಸ್ಮಿಡ್ ಇರುವ ಕೋಶ ಮಾತ್ರ ಬದುಕುತ್ತದೆ. ಆಂಪಿಸಿಲಿನ್ ಇಲ್ಲದ ಪ್ಲೇಟ್ ತುಂಬಿ ತುಳುಕುತ್ತಿತ್ತು. ಇದ್ದದ್ದರಲ್ಲಿ ಬೆರಳೆಣಿಕೆ ಕಾಲನಿ. ರಾತ್ರಿ ಪ್ರೋಟೀನ್ ಸೋರಿದೆ, ಪ್ಲಾಸ್ಮಿಡ್ ಇಟ್ಟುಕೊಂಡ ಕೋಶಗಳು ನರಳಿವೆ, ಪ್ಲಾಸ್ಮಿಡ್ ಬಿಸಾಡಿದವು ಮುಂದೆ ಓಡಿವೆ. ಅಷ್ಟು ಹೊತ್ತಿಗೆ ಮೀಡಿಯಂನಲ್ಲಿದ್ದ ಆಂಪಿಸಿಲಿನ್‌ನ್ನು ಮೊದಲಿನ ಕೋಶಗಳೇ ಒಡೆದು ಮುಗಿಸಿದ್ದವು, ಹಾಗಾಗಿ ತಡೆಯುವವರೂ ಇರಲಿಲ್ಲ. ತಪ್ಪು ಪೂರ್ತಿ ನನ್ನದೇ. ಪಕ್ಕದ ಬೆಂಚಿನವರಿಗೆ ಸಾರಿ ಹೇಳಲಿಲ್ಲ, ಅವರಿಗೆ ನನ್ನ ಅನುಮಾನ ಗೊತ್ತೇ ಇರಲಿಲ್ಲವಲ್ಲ.

ನಿಮಗೆ ಮಾಡಲು ಹೇಳುವುದು: ರಾತ್ರಿ ಕಲ್ಚರ್‌ಗೆ ಒಂದು ಪರ್ಸೆಂಟ್ ಗ್ಲೂಕೋಸ್ ಹಾಕಿ. ಹೊಸದಾಗಿ ಟ್ರಾನ್ಸ್‌ಫಾರ್ಮ್ ಮಾಡಿದ (ಪ್ಲಾಸ್ಮಿಡ್ ಹೊಕ್ಕಿಸಿದ) ಪ್ಲೇಟ್‌ನಿಂದಲೇ ಕಾಲನಿ ತೆಗೆಯಿರಿ. ಕಲ್ಚರ್ ಅತಿಯಾಗಿ ದಟ್ಟವಾಗಲು ಬಿಡಬೇಡಿ. ಆದರೂ ಸೋರಿದರೆ ಪಿಲೈಸ್‌ಎಸ್ ಅನ್ನುವ ಇನ್ನೊಂದು ಪ್ಲಾಸ್ಮಿಡ್ ಇರುವ ತಳಿ ಹಿಡಿಯಿರಿ. ಅದರಲ್ಲಿ ಟಿ7 ಲೈಸೋಜೈಮ್ ಸ್ವಲ್ಪ ಇದ್ದು, ಸೋರಿ ಬಂದ ಟಿ7 ಪಾಲಿಮರೇಸ್‌ನ ಕೈ ಕಟ್ಟಿಹಾಕುತ್ತದೆ. ಗೈಡ್‌ಗೆ ಗ್ಲೂಕೋಸ್ ಹಾಕಿದ, ಹಾಕದ ಎರಡೂ ಕಲ್ಚರ್ ಒಂದೇ ಜೆಲ್ ಮೇಲೆ ತೋರಿಸಿ. ವಾದ ಮಾಡುವ ಅಗತ್ಯವೇ ಬರುವುದಿಲ್ಲ.

ಪ್ರಶ್ನೆ (ಸ್ಟಾಫ್ ನರ್ಸ್): ಮೇಡಂ, ಇದು ನಿಮ್ಮ ವಿಷಯಕ್ಕೆ ಸೇರುತ್ತದೋ ಇಲ್ಲವೋ. ಗಾಯದ ಕೀವಿನಲ್ಲಿ ಸ್ಟೆಫೈಲೋಕಾಕಸ್ ಆರಿಯಸ್ ಬಂದಿತ್ತು. ಎರಿಥ್ರೋಮೈಸಿನ್ ಕೆಲಸ ಮಾಡಲ್ಲ ಅಂತ ರಿಪೋರ್ಟ್. ಕ್ಲಿಂಡಾಮೈಸಿನ್ ಸುತ್ತ ಒಳ್ಳೇ ಝೋನ್ (ಬ್ಯಾಕ್ಟೀರಿಯಾ ಬೆಳೆಯದ ಜಾಗ) ಇತ್ತು ಅಂತ ಲ್ಯಾಬ್‌ನವರೇ ಹೇಳಿದರು. ಆದರೆ ರಿಪೋರ್ಟ್‌ನಲ್ಲಿ ಅದನ್ನೂ ರೆಸಿಸ್ಟೆಂಟ್ ಅಂತ ಹಾಕಿ, ಡಿ ಟೆಸ್ಟ್ ಪಾಸಿಟಿವ್ ಅಂತ ಬರೆದಿದ್ದಾರೆ. ಝೋನ್ ಇದ್ದ ಮೇಲೆ ಔಷಧ ಕೆಲಸ ಮಾಡಬೇಕು ಅಲ್ವಾ?

ಉತ್ತರ: ಸೇರುತ್ತದೆ, ಚೆನ್ನಾಗೇ ಸೇರುತ್ತದೆ. ಲ್ಯಾಬ್‌ನವರು ಬರೆದದ್ದು ಸರಿ.

ಆ ಪ್ಲೇಟನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಲು ಕೇಳಿ. ಎರಡು ಚಿಕ್ಕ ಬಿಳಿ ಡಿಸ್ಕ್ ಇರುತ್ತವೆ. 15 ಮೈಕ್ರೋಗ್ರಾಂ ಎರಿಥ್ರೋಮೈಸಿನ್ ಒಂದು, 2 ಮೈಕ್ರೋಗ್ರಾಂ ಕ್ಲಿಂಡಾಮೈಸಿನ್ ಇನ್ನೊಂದು. ನಡುವೆ 15ರಿಂದ 26 ಮಿಲಿಮೀಟರ್ ಅಂತರ. ಎರಿಥ್ರೋಮೈಸಿನ್ ಡಿಸ್ಕ್‌ನ ಹತ್ತಿರದವರೆಗೂ ಬ್ಯಾಕ್ಟೀರಿಯಾ ಬೆಳೆದು ಮಂಜು ಕವಿದ ಹಾಗೆ ಇರುತ್ತದೆ. ಕ್ಲಿಂಡಾಮೈಸಿನ್ ಸುತ್ತ ತಿಳಿಯಾದ ಜಾಗ. ಆದರೆ ಅದು ಗುಂಡಗಿರುವುದಿಲ್ಲ. ಎರಿಥ್ರೋಮೈಸಿನ್ ಕಡೆಯ ಅಂಚು ಮಾತ್ರ ಚಪ್ಪಟೆ, ಯಾರೋ ಚಾಕುವಿನಿಂದ ಕೊಯ್ದ ಹಾಗೆ. ಇಂಗ್ಲಿಷಿನ ಡಿ ಅಕ್ಷರದ ಆಕಾರ. ಹೆಸರು ಬಂದದ್ದೇ ಹಾಗೆ.

ಆ ಚಪ್ಪಟೆ ಅಂಚಿನಲ್ಲಿ ನೀವು ಬರಿಗಣ್ಣಿನಲ್ಲಿ ನೋಡುತ್ತಿರುವುದು ಒಂದು ಜೀನ್ ಆನ್ ಆಗಿರುವುದನ್ನು. ಆ ಕಡೆಯ ಕೋಶಗಳಿಗೆ ಎರಿಥ್ರೋಮೈಸಿನ್ ವಾಸನೆ ಬಡಿದಿದೆ, ಅವು ತಯಾರಾಗಿವೆ. ಉಳಿದ ಕಡೆಯ ಕೋಶಗಳಿಗೆ ಬಡಿದಿಲ್ಲ, ಅವು ಕ್ಲಿಂಡಾಮೈಸಿನ್‌ಗೆ ಸತ್ತಿವೆ. ಎಲ್ಲ ಒಂದೇ ತಳಿ, ಒಂದೇ ಜೀನ್.

ಆ ಜೀನ್‌ನ ಹೆಸರು ಇಆರ್‌ಎಂ. ಅದರ ಪ್ರೋಟೀನ್ ರೈಬೋಸೋಮ್ (ಎಂಆರ್‌ಎನ್‌ಎ ಓದಿ ಪ್ರೋಟೀನ್ ಮಾಡುವ ಯಂತ್ರ) ಮೇಲೆ ಒಂದು ಪುಟ್ಟ ಮೀಥೈಲ್ ಗುಂಪು ಅಂಟಿಸುತ್ತದೆ. ಎರಡೂ ಔಷಧ ರೈಬೋಸೋಮ್‌ನಲ್ಲಿ ಕೂರುವ ಜಾಗ ಹೆಚ್ಚುಕಡಿಮೆ ಒಂದೇ. ಮೀಥೈಲ್ ಅಂಟಿದರೆ ಎರಡಕ್ಕೂ ಜಾಗವಿಲ್ಲ. ಆದರೆ ಆನ್ ಮಾಡುವ ತಾಕತ್ತು ಇರುವುದು ಎರಿಥ್ರೋಮೈಸಿನ್‌ಗೆ ಮಾತ್ರ, ಕ್ಲಿಂಡಾಮೈಸಿನ್‌ಗೆ ಇಲ್ಲ.

ಆನ್ ಆಗುವ ರೀತಿ ನನಗೆ ತುಂಬಾ ಇಷ್ಟ. ಇಲ್ಲಿ ರೆಪ್ರೆಸರ್ ಗಿಪ್ರೆಸರ್ ಏನೂ ಇಲ್ಲ. ಎಂಆರ್‌ಎನ್‌ಎ ಯಾವಾಗಲೂ ತಯಾರಾಗುತ್ತಲೇ ಇರುತ್ತದೆ. ಆದರೆ ಅದು ಮಡಚಿಕೊಂಡು, ಮುಖ್ಯ ಪ್ರೋಟೀನ್ ಶುರುವಾಗುವ ಜಾಗವನ್ನು ಮಡಿಕೆಯೊಳಗೆ ಬಚ್ಚಿಟ್ಟಿರುತ್ತದೆ. ಅದರ ಮುಂದೆ ಒಂದು ಚಿಕ್ಕ, 19 ಅಮೈನೋ ಆಮ್ಲದ ತುಂಡು ಇದೆ. ಮಾಮೂಲಿ ದಿನ ರೈಬೋಸೋಮ್ ಆ ತುಂಡನ್ನು ಓದಿ ಮುಗಿಸಿ ಇಳಿದು ಹೋಗುತ್ತದೆ. ಎರಿಥ್ರೋಮೈಸಿನ್ ಹೊಕ್ಕ ರೈಬೋಸೋಮ್ ಮಾತ್ರ ಅರ್ಧದಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ. ನಿಂತ ರೈಬೋಸೋಮ್‌ನ ಗಾತ್ರಕ್ಕೆ ಮಡಿಕೆ ಬಿಚ್ಚಿಕೊಳ್ಳುತ್ತದೆ. ಬಚ್ಚಿಟ್ಟ ಜಾಗ ತೆರೆದುಕೊಳ್ಳುತ್ತದೆ. ಔಷಧ ಯಾವ ಯಂತ್ರವನ್ನು ಕೆಡಿಸಲು ಬಂತೋ, ಕೆಟ್ಟು ನಿಂತ ಆ ಯಂತ್ರವೇ ಅಲಾರಂ.

ನೀವು ಕೇಳಬಹುದು, ಔಷಧ ರೈಬೋಸೋಮ್‌ಗಳನ್ನು ನಿಲ್ಲಿಸಿರುವಾಗ ತೆರೆದ ಜಾಗವನ್ನು ಓದುವವರು ಯಾರು? ಔಷಧ ಕಡಿಮೆ ಪ್ರಮಾಣದಲ್ಲಿದ್ದಾಗ ಇನ್ನೂ ಖಾಲಿ ಇರುವ ರೈಬೋಸೋಮ್‌ಗಳು ಇರುತ್ತವೆ. ಜೊತೆಗೆ ಮೊದಲೇ ಮೀಥೈಲ್ ಅಂಟಿಸಿಕೊಂಡ ಕೆಲವೂ ಇರುತ್ತವೆ. ಯಾಕೆ ಇರುತ್ತವೆ? ಈ ನಲ್ಲಿಯೂ ಸೋರುತ್ತದೆ.

ಚಿಕಿತ್ಸೆಯಲ್ಲಿ ತೊಂದರೆ ಏನೆಂದರೆ, ಕೋಟಿಗಟ್ಟಲೆ ಕೋಶಗಳಲ್ಲಿ ಕೆಲವಕ್ಕೆ ಆ ಮಡಿಕೆಯೇ ಕೆಟ್ಟಿರುತ್ತದೆ. ಅಂದರೆ ಜೀನ್ ಸದಾ ಆನ್. ಕ್ಲಿಂಡಾಮೈಸಿನ್ ಕೊಟ್ಟರೆ ಉಳಿದವು ಸತ್ತು ಅವೇ ಉಳಿದುಕೊಳ್ಳುತ್ತವೆ. ಅದಕ್ಕೇ ಝೋನ್ ಇದ್ದರೂ ರೆಸಿಸ್ಟೆಂಟ್ ಅಂತ ವರದಿ ಕೊಡುವುದು. ಯಾವ ಔಷಧ ಕೊಡಬೇಕು ಅನ್ನುವುದು ಡಾಕ್ಟರ್ ಕೆಲಸ, ಅದರಲ್ಲಿ ನಾನು ಬಾಯಿ ಹಾಕುವುದಿಲ್ಲ.

ಪ್ರಶ್ನೆ (ಪ್ರೌಢಶಾಲೆ ಶಿಕ್ಷಕರು): ಹಾಗಾದರೆ ಡಿಎನ್‌ಎ ಮಟ್ಟದಲ್ಲಿ ತಡೆಯುವುದು ಒಂದೇ ದಾರಿ ಅಲ್ಲ ಅಂತಾಯಿತು. ಬೇರೆ ದಾರಿಗಳ ಒಂದೆರಡು ಉದಾಹರಣೆ ಕೊಟ್ಟರೆ ಮಕ್ಕಳಿಗೆ ಹೇಳಬಹುದು.

ಉತ್ತರ: ಸರ್, ಮಕ್ಕಳಿಗೆ ಲಿಸ್ಟೀರಿಯಾ ಉದಾಹರಣೆ ಹೇಳಿ. ಈ ಬ್ಯಾಕ್ಟೀರಿಯಾಗೆ ರೋಗ ತರುವ ಜೀನ್‌ಗಳನ್ನು ಎಬ್ಬಿಸುವ ಒಂದು ಪ್ರೋಟೀನ್ ಇದೆ, ಪಿಆರ್‌ಎಫ್‌ಎ ಅಂತ. ಅದರ ಎಂಆರ್‌ಎನ್‌ಎ ಒಂದು ಥರ್ಮಾಮೀಟರ್. 30 ಡಿಗ್ರಿ ಒಳಗೆ ಮಡಚಿಕೊಂಡು ಕೂತಿರುತ್ತದೆ. 37 ಡಿಗ್ರಿಗೆ, ಅಂದರೆ ನಮ್ಮ ಮೈಯೊಳಗೆ ಹೊಕ್ಕಾಗ, ಮಡಿಕೆ ಸಡಿಲವಾಗಿ ಓದಲು ಸಿಗುತ್ತದೆ. "ನಾನು ಈಗ ಮನುಷ್ಯನ ಒಳಗಿದ್ದೇನೆ" ಅಂತ ಅದಕ್ಕೆ ತಿಳಿಯುವುದು ಬರೀ ಬಿಸಿಯಿಂದ.

ಇನ್ನೊಂದು, ಟ್ರಿಪ್ಟೋಫಾನ್ ಅನ್ನುವ ಅಮೈನೋ ಆಮ್ಲವನ್ನು ಮಾಡುವ ಜೀನ್‌ಗಳ ಆಪರಾನ್. ಚಾರ್ಲ್ಸ್ ಯಾನೋಫ್‌ಸ್ಕಿ ವರ್ಷಗಟ್ಟಲೆ ಅದರ ಹಿಂದೆ ಬಿದ್ದಿದ್ದರು. ಅಲ್ಲೂ ಮುಂದೆ ಒಂದು ಚಿಕ್ಕ ತುಂಡು, 14 ಅಮೈನೋ ಆಮ್ಲದ್ದು, ಅದರಲ್ಲಿ ಅಕ್ಕಪಕ್ಕ ಎರಡು ಟ್ರಿಪ್ಟೋಫಾನ್. ಕೋಶದಲ್ಲಿ ಟ್ರಿಪ್ಟೋಫಾನ್ ಇಲ್ಲದಿದ್ದರೆ ರೈಬೋಸೋಮ್ ಆ ಎರಡು ಜಾಗದಲ್ಲಿ ತಡವರಿಸುತ್ತದೆ, ಮುಂದೆ ಓಡುತ್ತಿರುವ ಪಾಲಿಮರೇಸ್ ಬಚಾವಾಗಿ ಕೆಲಸ ಮುಂದುವರಿಸುತ್ತದೆ. ಟ್ರಿಪ್ಟೋಫಾನ್ ಬೇಕಾದಷ್ಟಿದ್ದರೆ ರೈಬೋಸೋಮ್ ಸರಾಗವಾಗಿ ಹಿಂದೆಯೇ ಬರುತ್ತದೆ, ಆರ್‌ಎನ್‌ಎ ಬೇರೆ ಥರ ಮಡಚಿಕೊಂಡು ಪಾಲಿಮರೇಸನ್ನು ಕೆಡವುತ್ತದೆ. ನಮ್ಮ ಕೋಶಗಳಲ್ಲಿ ಈ ಆಟ ನಡೆಯುವುದಿಲ್ಲ. ನಮ್ಮಲ್ಲಿ ಎಂಆರ್‌ಎನ್‌ಎ ತಯಾರಾಗುವುದು ನ್ಯೂಕ್ಲಿಯಸ್ ಒಳಗೆ, ಅದನ್ನು ರೈಬೋಸೋಮ್ ಓದುವುದು ಹೊರಗೆ.

ಸಿಗ್ಮಾ ಫ್ಯಾಕ್ಟರ್ ಬಗ್ಗೆ ಒಂದೇ ಮಾತು. ಯಾವ ಜೀನ್ ಗುಂಪಿನ ಮುಂದೆ ಕೂರಬೇಕು ಅಂತ ಪಾಲಿಮರೇಸ್‌ಗೆ ತೋರಿಸುವ ಕೈಕಂಬ ಅದು. ಇ. ಕೋಲೈನಲ್ಲಿ ಏಳು ಇವೆ. ಬಿಸಿಗೆ ಒಂದು, ಹಸಿವಿಗೆ ಒಂದು, ಹೀಗೆ. ಒಂದನ್ನು ಬದಲಾಯಿಸಿದರೆ ನೂರಾರು ಜೀನ್ ಒಟ್ಟಿಗೆ ಬದಲಾಗಬಹುದು.

ಪ್ರಶ್ನೆ (ಸಾಫ್ಟ್‌ವೇರ್ ಕೆಲಸದವರು): ಮತ್ತೆ ನಾನೇ. ಬ್ಯಾಕ್ಟೀರಿಯಾ ಒಂದಕ್ಕೊಂದು ಮಾತಾಡುತ್ತವೆ ಅಂತ ಎಲ್ಲೋ ಓದಿದೆ. ನಿಜವಾ, ಸುಮ್ನೆ ಹೇಳಿದ್ದಾ?

ಉತ್ತರ: ಮಾತು ಅಂದರೆ ಜಾಸ್ತಿಯಾಯಿತು. ತಲೆ ಎಣಿಕೆ ಅನ್ನಿ. ಅದೂ ನಡೆಯುವುದು ಸೋರಿಕೆಯಿಂದಲೇ.

ಸಮುದ್ರದ ವಿಬ್ರಿಯೊ ಫಿಶರಿ ಬೆಳಕು ಬೀರುವ ಬ್ಯಾಕ್ಟೀರಿಯಾ. 1970ರಲ್ಲಿ ನೀಲ್ಸನ್, ಪ್ಲ್ಯಾಟ್, ಹೇಸ್ಟಿಂಗ್ಸ್ ಅನ್ನುವವರು ಒಂದು ವಿಷಯ ಗಮನಿಸಿ ಬರೆದರು. ಕಲ್ಚರ್ ತೆಳುವಾಗಿದ್ದಾಗ ಕೋಶ ಎಷ್ಟು ಹೆಚ್ಚಿದರೂ ಬೆಳಕು ಹೆಚ್ಚುವುದಿಲ್ಲ. ಒಂದು ದಟ್ಟಣೆ ದಾಟಿದ ಮೇಲೆ ಧಿಗ್ಗನೆ ಏರುತ್ತದೆ. ಒಂದೊಂದು ಕೋಶವೂ ಸದಾ ಒಂದು ಸಣ್ಣ ಅಣುವನ್ನು ಸ್ವಲ್ಪ ಸ್ವಲ್ಪ ಮಾಡುತ್ತಿರುತ್ತದೆ, ಅದು ಹೊರಗೆ ಹೋಗುತ್ತಿರುತ್ತದೆ. ಒಂಟಿ ಕೋಶದ್ದು ಸಮುದ್ರದಲ್ಲಿ ಕರಗಿಹೋಗುತ್ತದೆ. ಜನ ಜಾಸ್ತಿಯಾದರೆ ಆ ಅಣು ಅಲ್ಲಲ್ಲೇ ತುಂಬಿಕೊಂಡು ಮತ್ತೆ ಒಳಗೆ ಬಂದು ಬೆಳಕಿನ ಜೀನ್‌ಗಳನ್ನು ಎಬ್ಬಿಸುತ್ತದೆ. ಅದೇ ಅಣುವನ್ನು ಮಾಡುವ ಜೀನನ್ನೂ ಎಬ್ಬಿಸುತ್ತದೆ, ಹಾಗಾಗಿ ಏರಿಕೆ ಅಷ್ಟು ಜೋರು. ಹವಾಯಿಯ ಒಂದು ಪುಟ್ಟ ಸ್ಕ್ವಿಡ್ ಇವನ್ನು ಮೈಯೊಳಗಿನ ಅಂಗದಲ್ಲಿ ಸಾಕಿಕೊಂಡು ರಾತ್ರಿ ಬೆಳಕು ಪಡೆಯುತ್ತದೆ. ಬೆಳಗಾಗುತ್ತಲೇ ಬಹುಪಾಲು ಬ್ಯಾಕ್ಟೀರಿಯಾವನ್ನು ಹೊರಗೆ ತಳ್ಳುತ್ತದೆ. ಸಂಜೆಗೆ ಅವು ಮತ್ತೆ ತುಂಬಿಕೊಂಡು ದೀಪ ಹೊತ್ತಿಸುತ್ತವೆ.

ಪ್ರಶ್ನೆ (ಬಿ.ಎಸ್ಸಿ. ವಿದ್ಯಾರ್ಥಿನಿ): ಮೇಡಂ, ಕೊನೆಯದು, ಬೈಬೇಡಿ. ಸೋರಿಕೆ ಅಂದರೆ ಒಂದು ಕೋಶಕ್ಕೆ ಒಂದು ಬಾಗಿಲು, ಇನ್ನೊಂದಕ್ಕೆ ಮೂರು, ಮತ್ತೊಂದಕ್ಕೆ ಸೊನ್ನೆ ಇರಬಹುದಲ್ವಾ? ಹಾಗಾದರೆ ಎಲ್ಲ ಕೋಶ ಒಂದೇ ಸಲಕ್ಕೆ ಆನ್ ಆಗುತ್ತದೆ ಅನ್ನುವುದೂ ತಪ್ಪಾ? ಮತ್ತೆ ಪರೀಕ್ಷೆಯಲ್ಲಿ ಏನು ಬರೆಯಲಿ?

ಉತ್ತರ: ಬೈಯುವುದೇನು ಬಂತು! 1957ರಲ್ಲಿ ನೋವಿಕ್ ಮತ್ತು ವೀನರ್ ಇದನ್ನೇ ಪರೀಕ್ಷೆ ಮಾಡಿದ್ದರು. ರೆಪ್ರೆಸರನ್ನು ಎಬ್ಬಿಸುವ ವಸ್ತುವನ್ನು ತುಂಬಾ ಕಡಿಮೆ ಹಾಕಿದರೆ ಫ್ಲಾಸ್ಕ್‌ನಲ್ಲಿ ಕಿಣ್ವ ನಿಧಾನವಾಗಿ ಏರುತ್ತದೆ. ಎಲ್ಲ ಕೋಶವೂ ಸ್ವಲ್ಪ ಸ್ವಲ್ಪ ಆನ್ ಆಗುತ್ತಿವೆ ಅನ್ನಿಸುತ್ತದೆ. ಅಲ್ಲ. ಕೆಲವು ಪೂರ್ತಿ ಆನ್, ಉಳಿದವು ಆಫ್. ಹೊತ್ತು ಹೋದ ಹಾಗೆ ಆನ್ ಆದವರ ಸಂಖ್ಯೆ ಹೆಚ್ಚುತ್ತದೆ, ಅಷ್ಟೇ. ಸರಾಸರಿ ಅಂಕಿ ನಮ್ಮನ್ನು ಯಾಮಾರಿಸುತ್ತದೆ.

ಯಾಕೆ ಹೀಗೆ ಅನ್ನುವುದಕ್ಕೆ 2008ರಲ್ಲಿ ಹಾರ್ವರ್ಡ್‌ನ ಸನ್ನಿ ಷಿಯೆ ಅವರ ಲ್ಯಾಬ್‌ನಲ್ಲಿ ಒಂದೊಂದೇ ಕೋಶವನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರು. ರೆಪ್ರೆಸರ್ ಒಂದೇ ಸಲಕ್ಕೆ ಡಿಎನ್‌ಎಯ ಎರಡು ಜಾಗ ಹಿಡಿದು, ನಡುವಿನ ಡಿಎನ್‌ಎಯನ್ನು ಕುಣಿಕೆಯಂತೆ ಬಗ್ಗಿಸಿಕೊಂಡಿರುತ್ತದೆ. ಒಂದು ಕೈ ಬಿಟ್ಟರೆ ಇನ್ನೊಂದು ಕೈ ಹಿಡಿದಿರುತ್ತದೆ, ಬೇಗ ಮತ್ತೆ ಹಿಡಿಯುತ್ತದೆ. ಆಗ ಸೋರುವುದು ಒಂದು ಹನಿ. ಅಪರೂಪಕ್ಕೆ ಎರಡೂ ಕೈ ಬಿಟ್ಟುಹೋಗುತ್ತದೆ. ಮತ್ತೆ ಬಂದು ಕೂರಲು ತಡವಾಗುತ್ತದೆ, ಅಷ್ಟರಲ್ಲಿ ನೂರಾರು ಬಾಗಿಲು ತಯಾರು. ಬಾಗಿಲು ಜಾಸ್ತಿಯಾದರೆ ಒಳಗೆ ಬರುವುದೂ ಜಾಸ್ತಿ, ಬಂದದ್ದು ರೆಪ್ರೆಸರನ್ನು ಕೂರಲು ಬಿಡುವುದಿಲ್ಲ. ಆ ಕೋಶ ಆನ್ ಆಗಿಯೇ ಉಳಿಯುತ್ತದೆ. ಅದರ ಅವಳಿ ಕೋಶ ಪಕ್ಕದಲ್ಲೇ ಆಫ್ ಆಗಿ ಕೂತಿರುತ್ತದೆ. ಇಬ್ಬರ ನಡುವೆ ವ್ಯತ್ಯಾಸ ಏನು ಅಂದರೆ, ಒಂದು ರೆಪ್ರೆಸರ್ ಒಂದು ಸಲ ಕೈ ಜಾರಿದ್ದು.

ಪರೀಕ್ಷೆಯಲ್ಲಿ ಪುಸ್ತಕದಲ್ಲಿ ಇದ್ದದ್ದನ್ನೇ ಬರೆಯಿರಿ, ಚಿತ್ರವನ್ನೂ ಹಾಗೇ ಬಿಡಿಸಿ. ಲ್ಯಾಕ್ಟೋಸ್ ಅನ್ನುವ ಕಡೆ ಅಲೋಲ್ಯಾಕ್ಟೋಸ್ ಅಂತ ಬರೆಯುವುದನ್ನು ಮರೆಯಬೇಡಿ. "ಆಫ್" ಅಂತ ಬರೆದ ಮೇಲೆ ಆವರಣದಲ್ಲಿ "ಸ್ವಲ್ಪ ಸೋರಿಕೆ ಇರುತ್ತದೆ" ಅಂತ ಒಂದು ಸಾಲು ಸೇರಿಸಿ. ಮಾರ್ಕ್ಸ್ ಕೊಡುತ್ತಾರೋ ಕತ್ತರಿಸುತ್ತಾರೋ, ಬಂದು ಇಲ್ಲಿ ಹೇಳಿ.